ದಿಂಬು ಖಾಲಿಯಾದರೆ ಗವಸು ಬಿಗಿಯಾಗುವುದಿಲ್ಲ

ಪ್ಲಾಸ್ಟಿಕ್ ಸರ್ಜನ್ ಆದ ನನಗೆ ಓದುಗರು ಬರೆದ ಪತ್ರಗಳಲ್ಲಿ ಮೊದಲು ಚಿಲ್ಲರೆ ಪ್ರಶ್ನೆಗಳನ್ನು ಮುಗಿಸುತ್ತೇನೆ.

ಹುರುಳಿಹಿಟ್ಟು ಉಜ್ಜಿದರೆ ಸೊಂಟದ ಕೊಬ್ಬು ಕರಗುತ್ತದೆಯೇ? – ಇಲ್ಲ. ಚರ್ಮ ಶುಭ್ರವಾಗುತ್ತದೆ.

ಗದ್ದದ ಕೆಳಗಿನ ಕೊಬ್ಬಿಗೆ ಪಾರ್ಲರಿನಲ್ಲಿ ಇಂಜೆಕ್ಷನ್ ಕೊಡುತ್ತಾರಂತೆ? – ಅಲ್ಲಿ ಹುಬ್ಬು ತೀಡಿಸಿಕೊಳ್ಳಿ, ಸಾಕು.

ಇನ್ನು ನಿಜವಾದ ಪ್ರಶ್ನೆ. ‘ಎರಡನೇ ಹೆರಿಗೆಯಾಗಿ ಎರಡು ವರ್ಷ. ತೂಕವನ್ನು 78 ಕಿಲೋದಿಂದ 61ಕ್ಕೆ ಇಳಿಸಿದರೂ ಕೆಳಹೊಟ್ಟೆ ಜೋತುಬಿದ್ದಿದೆ. ಬಾಣಂತನದಲ್ಲಿ ಹೊಟ್ಟೆ ಬಿಗಿದು ಕಟ್ಟಿಸಿಕೊಳ್ಳದ್ದೇ ಕಾರಣ ಎನ್ನುತ್ತಾರೆ ಅತ್ತೆ. ಈಗ ಬೆಲ್ಟ್ ಕಟ್ಟಿ ದಿನಕ್ಕೆ ನೂರು ಸಿಟ್‌ಅಪ್ ಮಾಡುತ್ತಿದ್ದೇನೆ. ಲೈಪೊಸಕ್ಷನ್ (ನಳಿಗೆ ತೂರಿಸಿ ಕೊಬ್ಬು ಹೀರುವ ಶಸ್ತ್ರಚಿಕಿತ್ಸೆ) ಮಾಡಿಸಲೇ?’ – ಹೆಸರು ಬೇಡ, ಹಾವೇರಿ

ಈ ಪತ್ರ ಪ್ರತಿ ತಿಂಗಳೂ ಬರುತ್ತದೆ, ಊರಷ್ಟೇ ಬೇರೆ. ತಪ್ಪು ನಿಮ್ಮದಲ್ಲ. ಹಳೆಯ ಸೀರೆ ಸುತ್ತಿ ಕಟ್ಟಿದರೆ ಬಾಣಂತಿಯ ಸೊಂಟಕ್ಕೆ ಆಸರೆ ಸಿಗುತ್ತದೆ, ಅಷ್ಟೇ. ಚರ್ಮವನ್ನು ರಬ್ಬರಿನಂತೆ ಬಿಗಿಯಾಗಿಡುವುದು ಎಲಾಸ್ಟಿನ್ ಎಳೆಗಳು. ಹಿಗ್ಗಿ ಹಿಗ್ಗಿ ಆ ಎಳೆಗಳು ಹರಿದ ಚರ್ಮವನ್ನು ಸೀರೆಯೂ ಬೆಲ್ಟೂ ಮತ್ತೆ ನೇಯಲಾರವು. ಎಣ್ಣೆಯೂ ಅಷ್ಟೇ.

ಜೋತುಬಿದ್ದಿರುವುದು ಏನು ಎಂದು ಮೊದಲು ನೋಡಿ. ಹೊಕ್ಕುಳ ಕೆಳಗಿನ ಮಡಿಕೆಯನ್ನು ಚಿವುಟಿ ಹಿಡಿಯಿರಿ. ಸೀರೆಯ ನೆರಿಗೆಯಂತೆ ತೆಳ್ಳಗೆ ಸಿಕ್ಕರೆ ಚರ್ಮ. ಚಪಾತಿ ಹಿಟ್ಟಿನ ಉಂಡೆಯಂತೆ ಸಿಕ್ಕರೆ ಕೊಬ್ಬು. ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನಷ್ಟೇ ಎತ್ತಿ ಹೊಕ್ಕುಳ ಮೇಲೆ ಕೆಳಗೆ ಬೆರಳೂರಿ. ಎರಡು ಬೆರಳಿಗಿಂತ ಅಗಲವಾದ ಸಂದು ಸಿಕ್ಕರೆ ಹೊಟ್ಟೆಯ ಸ್ನಾಯುಪಟ್ಟಿಗಳು ಬೇರ್ಪಟ್ಟಿರಬಹುದು. ನಡುವೆ ದಿಂಡಿನಂತೆ ಉಬ್ಬುತ್ತಿದ್ದರೆ ಆ ನೂರು ಸಿಟ್‌ಅಪ್ ಇಂದೇ ನಿಲ್ಲಲಿ. ಹರ್ನಿಯಾ (ಸ್ನಾಯುವಿನ ಸಂದಿನಿಂದ ಕರುಳು ಹೊರಚಾಚುವುದು) ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಫಿಸಿಯೋಥೆರಪಿಸ್ಟ್ ಬಳಿ ಒಳಸ್ನಾಯುಗಳ ವ್ಯಾಯಾಮ ಕಲಿಯಿರಿ.

ಹದಿನೇಳು ಕಿಲೋ ಇಳಿಸಿದ ನಿಮ್ಮಲ್ಲಿ ಉಳಿದಿರುವುದು ಬಹುಪಾಲು ಚರ್ಮವೇ ಇರಬೇಕು. ಲೈಪೊಸಕ್ಷನ್ ಚರ್ಮದಡಿಯ ಕೊಬ್ಬನ್ನು ಹೀರುತ್ತದೆ, ಚರ್ಮವನ್ನಲ್ಲ. ದಿಂಬಿನ ಹತ್ತಿ ತೆಗೆದರೆ ಗವಸು ಇನ್ನಷ್ಟು ಸುಕ್ಕಾಗುತ್ತದೆ. ಹೆಚ್ಚಿನ ಚರ್ಮ ಕತ್ತರಿಸಿ, ಸ್ನಾಯುಗಳನ್ನು ಹೊಲಿದು ಸೇರಿಸುವ ಶಸ್ತ್ರಚಿಕಿತ್ಸೆ ಬೇರೆಯೇ ಇದೆ: ಅಬ್ಡೊಮಿನೊಪ್ಲಾಸ್ಟಿ. ಈ ಸೊಂಟದಿಂದ ಆ ಸೊಂಟದವರೆಗೆ ಕಲೆ ಉಳಿಯುತ್ತದೆ, ಜೀವನಪೂರ್ತಿ. ಆ ಕಲೆಯ ಫೋಟೊವನ್ನು ನಾನು ಮೊದಲೇ ತೋರಿಸುತ್ತೇನೆ. ಕೆಲವರು ಅಲ್ಲಿಂದಲೇ ಎದ್ದು ಹೋಗುತ್ತಾರೆ, ನನಗೆ ಬೇಸರವಿಲ್ಲ. ಮೂರನೇ ಮಗುವಿನ ಯೋಚನೆಯಿದ್ದರೆ ಈಗ ಬೇಡ. ತೂಕ ಆರು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಲ್ಲಲಿ.

‘ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಿ’ ಎಂಬ ಜಾಹೀರಾತು ನೋಡಿದಾಗಲೆಲ್ಲ ನನ್ನ ರಕ್ತದೊತ್ತಡ ಏರುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಹೋಗಿ ತೀರಿಕೊಂಡರು. ಕತ್ತಿ ಹಿಡಿಯುವವರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್‌.ಬಿ. (ಈಗ ಡಿಆರ್.ಎನ್.ಬಿ.) ಪದವಿ ಇದೆಯೇ, ಅರಿವಳಿಕೆ ತಜ್ಞರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ ಎಂದು ಕೇಳಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಕೊನೆಯದಾಗಿ, ನಗಾರಿಯಂಥ ಗಟ್ಟಿ ಹೊಟ್ಟೆಗೆ ಲೈಪೊಸಕ್ಷನ್ ಕೇಳಿದ ದಾವಣಗೆರೆಯ ಮಹನೀಯರಿಗೆ: ನಿಮ್ಮ ಕೊಬ್ಬು ಸ್ನಾಯುವಿನ ಹಿಂದೆ, ಕರುಳಿನ ಸುತ್ತ ಇದೆ. ನನ್ನ ನಳಿಗೆ ಅಲ್ಲಿಗೆ ಹೋಗುವುದಿಲ್ಲ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.