ಟಿವಿ ಎಷ್ಟು ದೂರ ಎಂದಲ್ಲ, ಮಗು ಯಾಕೆ ಹತ್ತಿರ ಕೂರುತ್ತದೆ ಎಂದು ಕೇಳಿ

ಓದುಗರ ಪ್ರಶ್ನೆಗೆ ನೇತ್ರತಜ್ಞರ ಉತ್ತರ

ದೀಪಾವಳಿ ಮುಗಿದು ಚಳಿ ಹಿಡಿಯಿತೆಂದರೆ ಶಿವಮೊಗ್ಗದ ನನ್ನ ಚಿಕಿತ್ಸಾಲಯಕ್ಕೂ ಈ ಅಂಕಣಕ್ಕೂ ಒಂದೇ ಪ್ರಶ್ನೆ ಬರತೊಡಗುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ. ಈ ಬಾರಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಶಾಲೆಯಿಂದ ಬಂದವನು ಚಳಿ ಅಂತ ಹೊರಗೇ ಹೋಗುವುದಿಲ್ಲ, ನೇರ ಟಿವಿ ಮುಂದೆ. ಅದೂ ಟಿವಿಗೆ ಮೂಗು ತಾಗುವಷ್ಟು ಹತ್ತಿರ. ಅವನ ಅಜ್ಜಿ ದಿನಾ ಬೈದು ಹಿಂದಕ್ಕೆ ಕೂರಿಸುತ್ತಾರೆ. ಹತ್ತಿರ ಕೂತರೆ ಕಣ್ಣು ಹಾಳಾಗುತ್ತದಲ್ಲವೇ? ಎಷ್ಟು ಅಡಿ ದೂರ ಇರಬೇಕು? (ತಾಯಿಯೊಬ್ಬರು, ತೀರ್ಥಹಳ್ಳಿ)

ಉತ್ತರ: ಹತ್ತಿರ ಕೂತದ್ದರಿಂದ ಕಣ್ಣು ಕೆಡುವುದಿಲ್ಲ ತಾಯಿ. ದೂರದ್ದು ಕಾಣದೆ ಅವನು ಹತ್ತಿರ ಹೋಗುತ್ತಿರಬಹುದು. ಬರೀ ಅಭ್ಯಾಸಕ್ಕೆ ಹಾಗೆ ಕೂರುವ ಮಕ್ಕಳೂ ಇದ್ದಾರೆ, ಆದರೆ ಇವನು ಯಾವ ಪೈಕಿ ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ಕಾಣದ ಮಗುವನ್ನು ಬೈದು ಹಿಂದಕ್ಕೆ ಕೂರಿಸುವುದು ಅನ್ಯಾಯ. ಅದು ಸುಮ್ಮನೆ ಕೂತು ಮಸುಕು ಮಸುಕಾಗಿ ನೋಡುತ್ತದೆ, ಬೋರ್ಡ್ ಮೇಲಿನದನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ, ಮಾರ್ಕ್ಸ್ ಕಡಿಮೆಯಾದಾಗ ಅದಕ್ಕೂ ಬೈಸಿಕೊಳ್ಳುತ್ತದೆ.

ಅಜ್ಜಿಯ ಹೆದರಿಕೆ ಪೂರ್ತಿ ಸುಳ್ಳಿನಿಂದ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದ ಒಂದು ಕಂಪನಿಯ ಕಲರ್ ಟಿವಿಗಳಿಂದ ಮಿತಿ ಮೀರಿ ಎಕ್ಸ್‌ರೇ ಸೋರುವುದು ಪತ್ತೆಯಾಗಿ, ದೂರ ಕೂತು ನೋಡಿ ಎಂದು ಎಚ್ಚರಿಸಿದ್ದರು. ಅದು ಪಿಕ್ಚರ್ ಟ್ಯೂಬಿನ ಕಾಲ. ಈಗಿನ ಎಲ್‌ಇಡಿ ಟಿವಿಯಲ್ಲಿ ಆ ಟ್ಯೂಬೇ ಇಲ್ಲ. ನಿಜಕ್ಕೂ ಕಣ್ಣಿಗೆ ದುಡಿಮೆ ಹೆಚ್ಚಾಗುವುದು ಒಂದಡಿ ದೂರದಲ್ಲಿ ಹಿಡಿದ ಮೊಬೈಲಿನಿಂದ. ಟಿವಿ ಆರಿಸಿ, ಅಳಬೇಡ ಎಂದು ಮೊಬೈಲ್ ಕೊಟ್ಟು ಕಂಬಳಿಯೊಳಗೆ ಮಲಗಿಸುವ ಮನೆಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಮೀಪದೃಷ್ಟಿ, ಅಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವುದು, ಬಹುತೇಕ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದರಿಂದ ಬರುತ್ತದೆ. ದೊಡ್ಡವರ ಕಣ್ಣು ಸುಮಾರು 24 ಮಿಲಿಮೀಟರ್ ಉದ್ದ. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಎರಡೂವರೆ, ಮೂರು ನಂಬರ್ ಬಂದುಬಿಡುತ್ತದೆ. ಹೀಗೆ ಬೆಳೆದದ್ದು ಮತ್ತೆ ಗಿಡ್ಡವಾಗುವುದಿಲ್ಲ. ಅಪ್ಪ ಅಮ್ಮನಿಗೆ ಕನ್ನಡಕವಿದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. ಬಿಡುವಿಲ್ಲದೆ ಪುಸ್ತಕ, ಮೊಬೈಲಿನಂಥ ತೀರಾ ಹತ್ತಿರದ್ದನ್ನೇ ನೋಡುವುದೂ ಒಂದು ಕಾರಣ. ಮೂರನೆಯದು, ನಮ್ಮ ಕೈಯಲ್ಲಿರುವುದು, ಹಗಲಿನ ಬೆಳಕು. ಮನೆಯೊಳಗೆ ಎಷ್ಟೇ ಲೈಟ್ ಹಾಕಿದರೂ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ದಾಟುವುದು ಕಷ್ಟ. ಹೊರಗೆ ಮರದ ನೆರಳಿನಲ್ಲೂ ಅದು ಸಾವಿರಗಳಲ್ಲಿರುತ್ತದೆ. ಆ ಬೆಳಕಿಗೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಒಸರುವ ಡೋಪಮೈನ್ ಎಂಬ ರಾಸಾಯನಿಕ ಕಣ್ಣು ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಈಗಿನ ತಿಳಿವಳಿಕೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಅವರಲ್ಲಿ ಶೇ. 30ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಹಾಗೆ ಬಿಡದ ಶಾಲೆಗಳಲ್ಲಿ ಅದು ಶೇ. 39 ದಾಟಿತ್ತು. 2015ರಲ್ಲಿ ಇದು ಪ್ರಕಟವಾಗಿದೆ.

ಮಲೆನಾಡಿನ ಮಕ್ಕಳಿಗೆ ಮಳೆಗಾಲದ ನಾಲ್ಕು ತಿಂಗಳು ಹೇಗೂ ಹೊರಗೆ ಕಾಲಿಡಲು ಆಗುವುದಿಲ್ಲ. ಮಂಜು ಸರಿದ ಮೇಲೆ ಇಷ್ಟು ಒಳ್ಳೆಯ ಬಿಸಿಲು ಸಿಗುವುದು ಚಳಿಗಾಲದಲ್ಲೇ, ಆಗಲೂ ಬಾಗಿಲು ಹಾಕಿ ಕೂರಿಸಿದರೆ ಹೇಗೆ? ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಅವರು ಶಾಲೆಯ ಬಸ್ಸಿನಲ್ಲಿರುತ್ತಾರೆ. ಸಂಜೆ ನಾಲ್ಕೂವರೆಗೆ ಬಂದರೆ ಕತ್ತಲಾಗಲು ಉಳಿಯುವುದು ಒಂದೂವರೆ ಗಂಟೆ. ಅಷ್ಟನ್ನೂ ಟಿವಿ ನುಂಗುತ್ತಿದೆ. ಟಿವಿ ಕತ್ತಲಾದ ಮೇಲೆ ನೋಡಲಿ, ನನ್ನ ತಕರಾರಿಲ್ಲ. ಅಲ್ಲಿಯವರೆಗೆ ಅಂಗಳ, ತೋಟ, ಗದ್ದೆ ಬಯಲು, ಎಲ್ಲಾದರೂ ಆಡಲಿ. ರಜೆಯ ದಿನ ಅಡಿಕೆ ಒಣಗಿಸುವ ಅಂಗಳದಲ್ಲೇ ಬಿಡಿ. ಶೀತ ಬರುವುದು ವೈರಸ್ಸಿನಿಂದ, ಬಿಸಿಲಿಗೆ ಹೋದದ್ದರಿಂದಲ್ಲ. ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಒತ್ತಿಕೊಂಡು ಕೂತಾಗಲೇ ಅದು ಹೆಚ್ಚು ಹರಡುತ್ತದೆ. ಒಂದು ಮಾತು ನೆನಪಿರಲಿ: ಹೊರಗಿನ ಬೆಳಕು ನಂಬರ್ ಬರದಂತೆ ತಡೆಯಲು ನೆರವಾಗುತ್ತದೆ, ಬಂದ ನಂಬರನ್ನು ಇಳಿಸುವುದಿಲ್ಲ.

ಆದ್ದರಿಂದ ಮೊದಲು ಕಣ್ಣಿನ ಪರೀಕ್ಷೆ, ಅದೂ ಒಂದೊಂದೇ ಕಣ್ಣು ಮುಚ್ಚಿ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಕುರುಡಾಗುತ್ತ ಹೋದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಬಳಸದ ಕಣ್ಣು ಸೋಮಾರಿಯಾಗುತ್ತದೆ. ಏಳೆಂಟು ವರ್ಷ ದಾಟಿದ ಮೇಲೆ ಅದನ್ನು ಸರಿಪಡಿಸುವುದು ಕಷ್ಟವಾಗುತ್ತ ಹೋಗುತ್ತದೆ. ನಿಮ್ಮ ಮಗ ಆ ಅಂಚಿನಲ್ಲಿದ್ದಾನೆ. ಶಾಲೆಯ ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆ ಬರಲಿ ಎಂದು ಕಾಯಬೇಡಿ. ದುಡ್ಡಿನ ಚಿಂತೆಯಿದ್ದರೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ, ಸ್ವಲ್ಪ ಕಡಿಮೆ ನಂಬರ್ ಬರೆದುಕೊಡಿ ಎಂದು ದಯವಿಟ್ಟು ಯಾರೂ ಕೇಳಬೇಡಿ. ಮಲೇಷ್ಯಾದಲ್ಲಿ ಹಾಗೆ ಕಡಿಮೆ ನಂಬರಿನ ಕನ್ನಡಕ ಕೊಟ್ಟ ಮಕ್ಕಳಿಗೇ ನಂಬರ್ ಬೇಗ ಏರಿತೆಂದು 2002ರ ಅಧ್ಯಯನ ತೋರಿಸಿದೆ. ತೂತಿನ ಕನ್ನಡಕ, ಕಣ್ಣಿನ ವ್ಯಾಯಾಮ, ಮೂರು ತಿಂಗಳಲ್ಲಿ ನಂಬರ್ ಮಾಯ ಎಂದು ಜಾಹೀರಾತು ಕೊಡುವವರು ನಿಮ್ಮ ಮಗುವಿನ ವಯಸ್ಸನ್ನು ತಿನ್ನುತ್ತಿದ್ದಾರೆ.

ಪ್ರಶ್ನೆ: ಟಿವಿ ನೋಡಲು ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಬೇಕೇ? (ಶಿವಮೊಗ್ಗ)

ಉತ್ತರ: ಬೇಡ.

ಪ್ರಶ್ನೆ: ದಿನಾ ಕ್ಯಾರೆಟ್ ಜ್ಯೂಸ್ ಕುಡಿದರೆ ಕನ್ನಡಕ ಬಿಡಬಹುದೇ? (ಭದ್ರಾವತಿ)

ಉತ್ತರ: ಇಲ್ಲ. ಕಣ್ಣಿನ ಉದ್ದಕ್ಕೂ ಕ್ಯಾರೆಟ್ಟಿಗೂ ಸಂಬಂಧವಿಲ್ಲ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗಳು ಟಿವಿ ಹಾಕದಿದ್ದರೆ ಊಟ ಮಾಡುವುದಿಲ್ಲ. ಹಾಕಬಹುದೇ? (ಸಾಗರ)

ಉತ್ತರ: ಎರಡು ವರ್ಷದೊಳಗೆ ಪರದೆ ಬೇಡವೆಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೇ ಹೇಳಿದೆ. ಹಸಿವಾದರೆ ಊಟ ಮಾಡುತ್ತಾಳೆ.

ಪ್ರಶ್ನೆ: ಕೊಯ್ಲಿನ ದಿನಗಳಲ್ಲಿ ರಾತ್ರಿ ಸೀರಿಯಲ್ ನೋಡುತ್ತ ಅಡಿಕೆ ಸುಲಿಯುತ್ತೇವೆ. ಕಣ್ಣು ಉರಿ, ನೀರು. ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಳ್ಳಬಹುದೇ? (ಹೊಸನಗರ)

ಉತ್ತರ: ಬಿಟ್ಟುಕೊಳ್ಳಲೇಬೇಡಿ. ಪರದೆ ದಿಟ್ಟಿಸುವಾಗ ಕಣ್ಣು ಮಿಟುಕಿಸುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಜೊತೆಗೆ ಅಡಿಕೆ ಬೇಯಿಸುವ ಒಲೆಯ ಹೊಗೆ. ಕಣ್ಣು ಒಣಗಿ ಉರಿಯುತ್ತದೆ. ಜಾಹೀರಾತು ಬಂದಾಗಲೆಲ್ಲ ಕಣ್ಣು ಮುಚ್ಚಿ ಕೂರಿ, ಹೊಗೆಯಿಂದ ದೂರವಿರಿ. ಮೆಟ್ಟುಗತ್ತಿಯ ಮುಂದೆ ಕೂತು ಟಿವಿ ನೋಡುವುದನ್ನು ಬಿಡಿ ಎಂದೂ ಬೇಡುತ್ತೇನೆ. ಹಾಡು, ರೇಡಿಯೋ ಕೇಳಿ.

ಕಣ್ಣಿಗೆ ಸಿಪ್ಪೆಯ ಚೂರೋ ಭತ್ತದ ಸುಂಕೋ (ತೆನೆಯ ಚೂಪು ಕೂದಲು) ತಗುಲಿದರೆ ಮಾತ್ರ ಇಷ್ಟು ನಿಧಾನ ಸಲ್ಲದು. ಹೂವಿನ ರಸ, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್ ಅಂತೂ ಮುಟ್ಟಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ ಆ ಹೊತ್ತಿಗೆ ಇಳಿದಂತಾಗುತ್ತದೆ, ಒಳಗೆ ಫಂಗಸ್ ಹಬ್ಬಿ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಪ್ರತಿ ಕೊಯ್ಲಿನಲ್ಲೂ ಹೀಗೆ ಕಣ್ಣು ಕಳೆದುಕೊಂಡು ಬರುವವರನ್ನು ನೋಡುತ್ತೇನೆ. ಶುದ್ಧ ನೀರಿನಲ್ಲಿ ತೊಳೆದು, ಉಜ್ಜದೆ, ಅಂದೇ, ರಾತ್ರಿಯಾಗಿದ್ದರೆ ಮಾರನೆಯ ದಿನದ ಮೊದಲ ಬಸ್ಸಿಗೇ ಹೊರಟು ಕಣ್ಣಿನ ಡಾಕ್ಟರಿಗೆ ತೋರಿಸಿ.