ಐಐಎಂ ಸಂದರ್ಶನಕ್ಕೆ ಐದು ವಾರ ಉಳಿದಿದೆ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಐಐಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ಅಂಕ ಚೆನ್ನಾಗಿ ಬಂದು, ಅವುಗಳಲ್ಲಿ ಎರಡರಿಂದ ಕರೆ ಬಂದಿದೆ. ಒಂದು ಕಡೆ ಬರವಣಿಗೆ ಪರೀಕ್ಷೆ ಮತ್ತು ಸಂದರ್ಶನ, ಇನ್ನೊಂದು ಕಡೆ ಸಂದರ್ಶನ ಮಾತ್ರ. ಊರು ದಾವಣಗೆರೆ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಸಿವಿಲ್ ಎಂಜಿನಿಯರಿಂಗ್, ಈಗ ಬೆಂಗಳೂರಿನಲ್ಲಿ ಸೈಟ್ ಎಂಜಿನಿಯರ್ ಕೆಲಸ. ಪ್ರಚಲಿತ ವಿದ್ಯಮಾನಗಳ ದೊಡ್ಡ ಪಿಡಿಎಫ್ ಒಂದನ್ನು ರಾತ್ರಿ ಕೂತು ಓದುತ್ತಿದ್ದೀರಿ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಇಂಗ್ಲಿಷ್ ಬಗ್ಗೆ ಅಳುಕು ಬೇರೆ.

ಮೊದಲು ಆ ಪಿಡಿಎಫ್ ಮುಚ್ಚಿಡಿ. ಪ್ರವೇಶಕ್ಕೆಂದು ನೀವೇ ತುಂಬಿ ಕಳುಹಿಸಿದ ಅರ್ಜಿಯ ಪ್ರತಿಯನ್ನು ಮುದ್ರಿಸಿಕೊಳ್ಳಿ. ನಿಮ್ಮ ಪಠ್ಯಕ್ರಮ ಅದೇ. ನಾನೂ ಈ ದಾರಿಯಲ್ಲಿ ಹಾದು ಬಂದಿದ್ದೇನೆ. ಈಗ ಪ್ರತಿ ವರ್ಷ ಈ ಹೊತ್ತಿಗೆ ಪರಿಚಿತ ಕಿರಿಯರಿಗೆ ಮಾಕ್ ಇಂಟರ್‌ವ್ಯೂ, ಅಂದರೆ ಅಭ್ಯಾಸದ ಅಣಕು ಸಂದರ್ಶನ, ಮಾಡುತ್ತೇನೆ. ಜಗತ್ತಿನ ಸುದ್ದಿಯನ್ನೆಲ್ಲ ಉರು ಹೊಡೆದು ಬಂದವರು ತಮ್ಮ ಅರ್ಜಿಯ ನಾಲ್ಕನೆಯ ಸಾಲಿನ ಬಗ್ಗೆ ಕೇಳಿದರೆ ತಡವರಿಸುವುದನ್ನು ಪ್ರತಿ ಸಲವೂ ನೋಡುತ್ತೇನೆ. ಎದುರಿಗೆ ಕೂರುವವರು ಇಬ್ಬರೋ ಮೂವರೋ, ಹೆಚ್ಚಾಗಿ ಪ್ರಾಧ್ಯಾಪಕರು. ಅವರಿಗೆ ಸಿಗುವ ಸಮಯ ಹದಿನೈದು, ಇಪ್ಪತ್ತು ನಿಮಿಷ. ನಿಮ್ಮ ಹೆಸರೂ ಅವರಿಗೆ ಆಗಷ್ಟೇ ಗೊತ್ತಾಗಿರುತ್ತದೆ. ಕೈಯಲ್ಲಿರುವ ಕಾಗದ ಬಿಟ್ಟು ಬೇರೆಲ್ಲಿಂದ ಪ್ರಶ್ನೆ ತೆಗೆದಾರು?

ಈ ಹಂತದ ತೂಕವನ್ನೂ ತಿಳಿದುಕೊಳ್ಳಿ. ಅಹಮದಾಬಾದ್ ಐಐಎಂನ ಇತ್ತೀಚಿನ ವರ್ಷಗಳ ಪ್ರವೇಶ ನೀತಿಯಲ್ಲಿ ಅಂತಿಮ ಆಯ್ಕೆಗೆ ಸಂದರ್ಶನದ ಪಾಲು ಶೇ 50, ಬರವಣಿಗೆ ಪರೀಕ್ಷೆಯ ಪಾಲು ಶೇ 10, ಕ್ಯಾಟ್ ಪಾಲು ಶೇ 25. ಬೇರೆ ಸಂಸ್ಥೆಗಳ ಲೆಕ್ಕ ಬೇರೆ. ಹೊಸ ಐಐಎಂಗಳು ಕೂಡಿ ನಡೆಸುವ ಸಾಮಾನ್ಯ ಪ್ರವೇಶ ಪ್ರಕ್ರಿಯೆಯಲ್ಲಿ ಕೆಲವು ವರ್ಷಗಳಿಂದ ಬರವಣಿಗೆ ಪರೀಕ್ಷೆಯೇ ಇಲ್ಲ. ಆದ್ದರಿಂದ ನಿಮ್ಮನ್ನು ಕರೆದಿರುವ ಎರಡೂ ಸಂಸ್ಥೆಗಳ ಪ್ರವೇಶ ನೀತಿಯನ್ನು ಅವುಗಳ ಜಾಲತಾಣದಲ್ಲೇ ಓದಿ. ಯೂಟ್ಯೂಬ್‌ನಲ್ಲಿ ಹೇಳುವುದು ಎಷ್ಟೋ ಸಲ ಹಳೆಯ ವರ್ಷದ ಕಥೆ.

ಈಗ ನಿಮ್ಮ ಓದಿನ ವಿಷಯ. ಕೆಲಸಕ್ಕೆ ಸೇರಿದ ಮೇಲೆ ಪದವಿಯ ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲ, ಸಂದರ್ಶಕರ ಪ್ಯಾನಲ್‌ಗೂ ಅದು ಗೊತ್ತು. ಎಲ್ಲ ವಿಷಯ ಬೇಡ. ಇಷ್ಟವಾದ ಎರಡನ್ನು ಆರಿಸಿಕೊಂಡು ತಳಮಟ್ಟದಿಂದ ಓದಿ. ಅವರು ಸೂತ್ರ ಕೇಳುವುದು ಕಡಿಮೆ, ಸೂತ್ರದ ಹಿಂದಿನ ‘ಏಕೆ’ ಕೇಳುವುದು ಹೆಚ್ಚು. ಒಂದು ಉದಾಹರಣೆ ಕೊಡುತ್ತೇನೆ. ದಿನವೂ ಸೈಟ್‌ನಲ್ಲಿ ಎಂ25 ಕಾಂಕ್ರೀಟ್ ಎನ್ನುತ್ತೀರಲ್ಲ, ಆ 25 ಏನು? 150 ಮಿ.ಮೀ. ಕ್ಯೂಬ್ ಅನ್ನು 28 ದಿನಗಳ ನಂತರ ಒತ್ತಿ ನೋಡಿದಾಗ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಾಳಬೇಕು ಎಂದು ಹೇಳುತ್ತೀರಿ. ಸರಿ. 28 ದಿನವೇ ಏಕೆ? ಸಿಮೆಂಟು ನೀರಿನ ಜೊತೆ ನಡೆಸುವ ಕ್ರಿಯೆ ಮೊದಲ ದಿನಗಳಲ್ಲಿ ವೇಗವಾಗಿದ್ದು ಬರಬರುತ್ತಾ ನಿಧಾನವಾಗುತ್ತದೆ, 28 ದಿನದ ಹೊತ್ತಿಗೆ ಬಲದ ಹೆಚ್ಚಿನ ಭಾಗ ಬಂದಿರುತ್ತದೆ. ಇದನ್ನೂ ಹೇಳಿದಿರಿ ಎಂದುಕೊಳ್ಳಿ. ಮೂರನೆಯವರು ತಲೆ ಎತ್ತಿ, ಕಾಂಕ್ರೀಟಿನೊಳಗೆ ಉಕ್ಕಿನ ಸರಳೇ ಏಕೆ, ಅಲ್ಯೂಮಿನಿಯಂ ಏಕಾಗದು ಎಂದು ಕೇಳುತ್ತಾರೆ. ಕಾಂಕ್ರೀಟ್ ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ, ಅದಕ್ಕೆ ಸರಳು ಬೇಕು. ಇಷ್ಟು ಎಲ್ಲರೂ ಹೇಳುತ್ತಾರೆ. ಬಿಸಿಲಿಗೆ ಉಕ್ಕು ಮತ್ತು ಕಾಂಕ್ರೀಟ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಜೊತೆಗೆ ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ ಎನ್ನುವವರು ಕಡಿಮೆ. ಮೂರನೆಯ ‘ಏಕೆ’ಗೆ ಉತ್ತರಿಸುವವರ ಮುಂದೆ ಪ್ಯಾನಲ್‌ನವರು ಸ್ವಲ್ಪ ಮುಂದಕ್ಕೆ ಬಾಗಿ ಕೂರುತ್ತಾರೆ.

ಕೆಲಸದ ಬಗ್ಗೆಯೂ ಹೀಗೆಯೇ. ನಿಮ್ಮ ಕಂಪನಿ ಹೇಗೆ ದುಡ್ಡು ಮಾಡುತ್ತದೆ ಎಂಬುದು ಗೊತ್ತೇ? ಸೈಟ್‌ನಲ್ಲಿರುವವರಿಗೆ ಸ್ಲ್ಯಾಬ್ ಯಾವ ದಿನ ಹಾಕಿದರು ಎಂಬುದು ನೆನಪಿರುತ್ತದೆ, ಫ್ಲ್ಯಾಟಿನ ಚದರ ಅಡಿ ದರ ಗೊತ್ತಿರುವುದಿಲ್ಲ. ಮ್ಯಾನೇಜ್‌ಮೆಂಟ್ ಕಲಿಯಲು ಹೊರಟವರಿಗೆ ಇದು ಗೊತ್ತಿಲ್ಲದಿದ್ದರೆ ಹೇಗೆ ಎಂದು ಪ್ಯಾನಲ್ ಸಹಜವಾಗಿಯೇ ಹುಬ್ಬೇರಿಸುತ್ತದೆ. ಈ ವಾರವೇ ನಿಮ್ಮ ಲೆಕ್ಕಪತ್ರ ವಿಭಾಗದವರ ಜೊತೆ ಒಂದು ಟೀ ಕುಡಿಯಿರಿ.

ಪ್ರಚಲಿತ ವಿದ್ಯಮಾನ ಪೂರ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ನಿಮ್ಮ ಕಡೆಯಿಂದ ಹೊಕ್ಕು ಓದಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಸಿವಿಲ್ ಎಂಜಿನಿಯರ್ ಒಬ್ಬರು ಎದುರಿಗೆ ಕೂತಾಗ, ಹಾಗಾದರೆ ಮನೆಯ ಬೆಲೆ ಶೇ 10 ಇಳಿಯಬೇಕಲ್ಲವೇ ಎಂದು ಕೇಳುವ ಆಸೆ ಯಾರಿಗೆ ಆಗುವುದಿಲ್ಲ? ಕೂತಲ್ಲೇ ಲೆಕ್ಕ ಹಾಕಬೇಕು. ನೂರು ರೂಪಾಯಿಯ ಸಿಮೆಂಟಿಗೆ ಮೊದಲು 128 ಕೊಡುತ್ತಿದ್ದೆವು, ಈಗ 118. ಅಂದರೆ ಇಳಿಕೆ ಶೇ 8ಕ್ಕೂ ಕಡಿಮೆ. ನಿರ್ಮಾಣ ವೆಚ್ಚದಲ್ಲಿ ಸಿಮೆಂಟಿನ ಪಾಲು ಶೇ 15 ಎಂದಿಟ್ಟುಕೊಂಡರೆ ಒಟ್ಟು ವೆಚ್ಚ ಇಳಿಯುವುದು ಶೇ 1ರ ಆಸುಪಾಸು. ಬೆಂಗಳೂರಿನಂಥ ಊರಿನಲ್ಲಿ ಫ್ಲ್ಯಾಟಿನ ಬೆಲೆಯಲ್ಲಿ ಜಾಗದ ಬೆಲೆ ದೊಡ್ಡದಾದ್ದರಿಂದ ಕೊಳ್ಳುವವರಿಗೆ ಕಾಣುವುದು ಅದಕ್ಕಿಂತಲೂ ಕಡಿಮೆ. ಆ ಉಳಿತಾಯವನ್ನೂ ಬಿಲ್ಡರ್ ಗ್ರಾಹಕರಿಗೆ ದಾಟಿಸುತ್ತಾನೋ ಇಲ್ಲವೋ ಎಂಬುದು ಮುಂದಿನ ಮಾತು. ಇದೇ ದಾರಿಯಲ್ಲಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರಕ್ಕೆ, ಹೋಗಬಹುದು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ಅದು ಶೇ 6.5ರಿಂದ ಶೇ 5.25ಕ್ಕೆ ಇಳಿಯಿತು. ಅದರಿಂದ ಗೃಹಸಾಲದ ಕಂತಿಗೆ, ಕಂತಿನಿಂದ ನಿಮ್ಮ ಕಂಪನಿಯ ಮಾರಾಟಕ್ಕೆ ಬನ್ನಿ. ದರ ನಿರ್ಧರಿಸುವ ಸಮಿತಿಯಲ್ಲಿ ಆರು ಸದಸ್ಯರಿದ್ದಾರೆ, ಹಣದುಬ್ಬರದ ಗುರಿ ಶೇ 4, ಮೇಲೆ ಕೆಳಗೆ ಎರಡರಷ್ಟು ಸಡಿಲ. ಇಷ್ಟು ಗೊತ್ತಿರಲಿ. ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಮೂಲಸೌಕರ್ಯ ಮತ್ತು ವಸತಿಯ ಭಾಗವನ್ನು ಗಮನವಿಟ್ಟು ಓದಿ. ಉಳಿದದ್ದಕ್ಕೆ ದಿನಪತ್ರಿಕೆಯ ಮೇಲೆ ಕಣ್ಣಾಡಿಸಿದರೆ ಸಾಕು.

ಊರಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಬೆಣ್ಣೆದೋಸೆ ಎಂದು ನಕ್ಕು ಸುಮ್ಮನಾದರೆ ಒಳ್ಳೆಯ ಅವಕಾಶ ಕೈಬಿಟ್ಟಂತೆ. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಆ ಹತ್ತಿ ಗಿರಣಿಗಳು ಏಕೆ ಮುಚ್ಚಿದವು? ವಿದ್ಯುತ್ ಮಗ್ಗಗಳ ಪೈಪೋಟಿ, ಹಳೆಯ ಯಂತ್ರ, ಕಾರ್ಮಿಕ ವಿವಾದ ಎಂದು ಮನೆಯ ಹಿರಿಯರು ಹೇಳುವುದನ್ನು ಕೇಳಿಸಿಕೊಳ್ಳಿ. ಈಗ ನಿಮ್ಮ ಜಿಲ್ಲೆಯ ದೊಡ್ಡ ಬೆಳೆಗಳಲ್ಲಿ ಮೆಕ್ಕೆಜೋಳ ಒಂದು. ಅದರ ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲಿಗೆ 2,400 ರೂಪಾಯಿ. ಬೆಂಬಲ ಬೆಲೆ ಘೋಷಣೆಯಾದರೂ ಎಪಿಎಂಸಿಯಲ್ಲಿ ರೈತ ಅದಕ್ಕಿಂತ ಕಡಿಮೆಗೆ ಮಾರುವ ಪರಿಸ್ಥಿತಿ ಏಕೆ ಬರುತ್ತದೆ, ಕೋಳಿ ಆಹಾರ ಮತ್ತು ಎಥೆನಾಲ್ ಕಾರ್ಖಾನೆಗಳು ಎಷ್ಟರ ಮಟ್ಟಿಗೆ ಅದರ ಬೆಲೆಯನ್ನು ಎತ್ತುತ್ತವೆ ಎಂದು ಮಾತನಾಡಬಲ್ಲಿರಾದರೆ ಐದು ನಿಮಿಷ ನಿಮ್ಮ ಅಂಗಳದಲ್ಲೇ ಕಳೆಯುತ್ತದೆ.

ಹವ್ಯಾಸದ ಕಲಂನಲ್ಲಿ ಏನು ಬರೆದಿದ್ದೀರೋ ನೀವು ಹೇಳಿಲ್ಲ. ಓದುವುದು ಎಂದಿದ್ದರೆ ಇತ್ತೀಚೆಗೆ ಮುಗಿಸಿದ ಪುಸ್ತಕ ಯಾವುದು ಎಂಬ ಪ್ರಶ್ನೆ ಖಂಡಿತ. ಕನ್ನಡ ಪುಸ್ತಕವಾದರೆ ಧಾರಾಳವಾಗಿ ಅದನ್ನೇ ಹೇಳಿ. ಕೇಳುವವರು ಅದನ್ನು ಓದಿರದಿದ್ದರೆ ನಿಮಗೇ ಅನುಕೂಲ. ಮಾಡದ ಹವ್ಯಾಸವನ್ನು ಬರೆದಿದ್ದರೆ ಮಾತ್ರ ಕಷ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಚದುರಂಗ ಆಡುತ್ತೇನೆ ಎಂದು ಬರೆದು ಒಂದು ಆರಂಭದ ನಡೆ ಹೇಳಲು ಬಾರದವರು ಆಮೇಲೆ ಏನು ಹೇಳಿದರೂ ಪ್ಯಾನಲ್ ಅನುಮಾನದಿಂದಲೇ ಕೇಳುತ್ತದೆ.

ಎಂಬಿಎ ಏಕೆ ಎಂಬ ಪ್ರಶ್ನೆಗೆ ನಾಯಕತ್ವ, ಸಮಗ್ರ ದೃಷ್ಟಿ, ದೊಡ್ಡ ವೇದಿಕೆ ಎಂಬ ಉತ್ತರಗಳನ್ನು ಅವರು ಬೆಳಗಿನಿಂದ ಕೇಳಿ ಬೇಸತ್ತಿರುತ್ತಾರೆ. ನಿಮ್ಮ ಸೈಟ್‌ನಲ್ಲಿ ಕಂಡ ಒಂದು ತೊಡಕಿನಿಂದ ಶುರು ಮಾಡಿ. ಕಾಂಕ್ರೀಟ್ ಲಾರಿ ಬಂದು ನಿಂತಿದೆ, ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚು, ಸೆಂಟ್ರಿಂಗ್, ಮುಗಿದಿಲ್ಲ, ಏಕೆಂದರೆ ಗುತ್ತಿಗೆದಾರನಿಗೆ ಹಿಂದಿನ ಬಿಲ್ ಪಾವತಿಯಾಗಿಲ್ಲ. ತಂತ್ರಜ್ಞಾನ ನಿಮಗೆ ಗೊತ್ತು, ತಡೆದದ್ದು ಹಣದ ಹರಿವು ಮತ್ತು ಯೋಜನೆ. ಅದನ್ನು ಕಲಿಯಬೇಕು ಎಂದರೆ ಮುಂದಿನ ಪ್ರಶ್ನೆಗಳೂ ಅಲ್ಲಿಂದಲೇ ಬರುತ್ತವೆ.

ಬರವಣಿಗೆ ಪರೀಕ್ಷೆಗೆ ಬರೋಣ. ಸಂಸ್ಥೆಯನ್ನು ಅವಲಂಬಿಸಿ ಸಾಮಾನ್ಯವಾಗಿ 15ರಿಂದ 30 ನಿಮಿಷ ಕೊಡುತ್ತಾರೆ, ಒಂದು ಪುಟದಷ್ಟು ಬರೆಯಬೇಕು. ಇಲ್ಲಿ ಬೀಳುವವರು ವ್ಯಾಕರಣದಿಂದ ಬೀಳುವುದಿಲ್ಲ. ಎರಡೂ ಕಡೆಯ ಮಾತು ಸಮಸಮವಾಗಿ ಬರೆದು, ಕೊನೆಗೆ ‘ಸಮತೋಲನ ಅಗತ್ಯ’ ಎಂದು ಮುಗಿಸಿ ಬೀಳುತ್ತಾರೆ. ಸಾರ್ವಜನಿಕ ಸಾರಿಗೆ ಉಚಿತವಾಗಿರಬೇಕೇ ಎಂಬ ವಿಷಯ ಬಂತು ಎಂದುಕೊಳ್ಳಿ. ಬಹಳ ಜನ ‘ಇಂದಿನ ವೇಗದ ಜಗತ್ತಿನಲ್ಲಿ ಸಾರಿಗೆ ಬಹಳ ಮುಖ್ಯ’ ಎಂದು ಶುರು ಮಾಡುತ್ತಾರೆ. ಆ ವಾಕ್ಯ ಹೊಡೆದು ಹಾಕಿದರೆ ಪ್ರಬಂಧಕ್ಕೆ ಏನೂ ಕಡಿಮೆಯಾಗುವುದಿಲ್ಲ. ಹಾಗಾದರೆ ಅದು ಇರಬೇಕಾದ್ದೇ ಇಲ್ಲ.

ಮೊದಲ ನಾಲ್ಕೈದು ನಿಮಿಷ ಪೆನ್ನು ಕೆಳಗಿಟ್ಟು ಯೋಚಿಸಿ, ಪಕ್ಕ ಆಯ್ದುಕೊಳ್ಳಿ. ನಿಮ್ಮ ಕೈಗೆಟಕುವ ಸರಕು ಏನಿದೆ? ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್‌ಗಳಲ್ಲಿ ಉಚಿತ ಪ್ರಯಾಣವಿದೆ. ನೀವು ಹಬ್ಬಕ್ಕೆ ಊರಿಗೆ ಹೋಗುವಾಗ ಅದರ ಫಲವನ್ನೂ ನೋಡಿದ್ದೀರಿ, ನೂಕುನುಗ್ಗಲನ್ನೂ ನೋಡಿದ್ದೀರಿ. ಲಕ್ಸೆಂಬರ್ಗ್ 2020ರಲ್ಲಿ ದೇಶಕ್ಕೆ ದೇಶವೇ ಸಾರಿಗೆಯನ್ನು ಉಚಿತ ಮಾಡಿತು, ಆದರೆ ಅಲ್ಲಿ ಟಿಕೆಟ್ ಹಣ ಮೊದಲೇ ಖರ್ಚಿನ ಸಣ್ಣ ಪಾಲಾಗಿತ್ತು. ಈ ಎರಡರಿಂದ ಒಂದು ವಾದ ಹುಟ್ಟುತ್ತದೆ: ಟಿಕೆಟ್ ಮನ್ನಾ ಮಾಡಿದರೆ ಬಡ ಕೂಲಿಕಾರ ಮಹಿಳೆ ದೂರದ, ಹೆಚ್ಚು ಕೂಲಿಯ ಕೆಲಸಕ್ಕೆ ಹೋಗಬಲ್ಲಳು, ಆದ್ದರಿಂದ ಅದು ಸರಿ, ಆದರೆ ನಿಗಮಕ್ಕೆ ಸರ್ಕಾರ ಹಣ ತುಂಬಿಕೊಡುವುದು ತಡವಾದರೆ ಹೊಸ ಬಸ್ ಬರುವುದಿಲ್ಲ, ಹತ್ತಲು ಬಸ್ಸೇ ಇಲ್ಲದವಳಿಗೆ ಉಚಿತ ಟಿಕೆಟ್‌ನಿಂದ ಪ್ರಯೋಜನವಿಲ್ಲ. ಅದಕ್ಕೇ ಎಲ್ಲರಿಗೂ ಉಚಿತ ಬೇಡ, ಕೆಲವರಿಗೆ ಉಚಿತ, ಉಳಿದ ಆದಾಯ ಬಸ್ಸಿಗೆ. ನೀವು ಇದಕ್ಕೆ ವಿರುದ್ಧ ನಿಲುವು ತಾಳಿದರೂ ತೊಂದರೆಯಿಲ್ಲ, ಎದುರು ಪಕ್ಷದ ಬಲವಾದ ಮಾತೊಂದನ್ನು ಎತ್ತಿ ಅದಕ್ಕೆ ಉತ್ತರ ಕೊಟ್ಟಿರಬೇಕು ಅಷ್ಟೇ. ಬರೆದದ್ದು ನೆನಪಿರಲಿ, ಸಂದರ್ಶನದಲ್ಲಿ ಅದರ ಮೇಲೂ ಪ್ರಶ್ನೆ ಬರಬಹುದು.

ಅಭ್ಯಾಸಕ್ಕೆ ದಿನ ಬಿಟ್ಟು ದಿನ ಒಂದು ಬರೆಯಿರಿ, ಗಡಿಯಾರ ಇಟ್ಟುಕೊಂಡು. ಕೈಬರಹವೋ ಕಂಪ್ಯೂಟರೋ ಎಂಬುದು ಕರೆಪತ್ರದಲ್ಲಿರುತ್ತದೆ, ಅದೇ ರೀತಿಯಲ್ಲಿ ಅಭ್ಯಾಸ ಮಾಡಿ. ಬರೆದದ್ದನ್ನು ಮರುದಿನ ಬೆಳಿಗ್ಗೆ ಓದಿ, ರಾತ್ರಿಯೇ ಓದಿದರೆ ಎಲ್ಲವೂ ಚೆಂದ ಕಾಣುತ್ತದೆ.

ಇಂಗ್ಲಿಷ್ ಬಗ್ಗೆ. ಉಚ್ಚಾರಣೆಗೆ ಯಾರೂ ಅಂಕ ಕಳೆಯುವುದಿಲ್ಲ. ಕನ್ನಡ ಮಾಧ್ಯಮದವರಿಗೆ ಕೈಕೊಡುವುದು ಉದ್ದ ವಾಕ್ಯ. ಮನಸ್ಸಿನಲ್ಲಿ ಕನ್ನಡದ ಉದ್ದ ವಾಕ್ಯ ಕಟ್ಟಿ ಅದನ್ನು ಹಾಗೆಯೇ ಅನುವಾದಿಸಲು ಹೊರಟರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎಂಟು ಹತ್ತು ಪದಗಳ ವಾಕ್ಯ ಸಾಕು. ದಿನಕ್ಕೊಂದು ಕನ್ನಡ ಸಂಪಾದಕೀಯ ಓದಿ, ಅದರ ತಿರುಳನ್ನು ಇಂಗ್ಲಿಷ್‌ನಲ್ಲಿ ಎರಡು ನಿಮಿಷ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕೇಳಿಸಿಕೊಳ್ಳಲು ಮುಜುಗರವಾಗುತ್ತದೆ, ಕೇಳಿಸಿಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬಹುದೇ ಎಂದು ವಿನಂತಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಊಹಿಸಬಲ್ಲಿರಾದರೆ, ಇದು ನನ್ನ ಊಹೆ ಎಂದು ಹೇಳಿಯೇ ಊಹಿಸಿ.

ಕೋಚಿಂಗ್ ಕೇಂದ್ರಕ್ಕೆ ಸೇರಬೇಕೇ ಎಂದೂ ಕೇಳಿದ್ದೀರಿ. ಪಾಠಕ್ಕಾಗಿ ಬೇಡ, ಅಪರಿಚಿತರ ಎದುರು ಎರಡು ಮೂರು ಮಾಕ್ ಇಂಟರ್‌ವ್ಯೂ ಸಿಗುತ್ತದೆ ಎಂದರೆ ಆಗಬಹುದು. ಗೆಳೆಯರ ಎದುರು ಮಾಡಿದರೆ ಅವರು ನಗುತ್ತಾರೆ, ನೀವೂ ನಗುತ್ತೀರಿ.

ಕೊನೆಗೆ ಕಾಗದಪತ್ರ. ಮೂಲ ಅಂಕಪಟ್ಟಿಗಳು, ಅನ್ವಯವಾದರೆ ಜಾತಿ ಅಥವಾ ಆದಾಯ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ, ಕಂಪನಿಯ ಅನುಭವ ಪತ್ರ. ಅನುಭವ ಪತ್ರದಲ್ಲಿನ ದಿನಾಂಕ ಅರ್ಜಿಯಲ್ಲಿ ಬರೆದ ದಿನಾಂಕಕ್ಕೆ ತಾಳೆಯಾಗಬೇಕು. ನಾಡಕಚೇರಿಯೂ ಎಚ್‌ಆರ್ ವಿಭಾಗವೂ ಅವಸರಕ್ಕೆ ಒದಗುವುದಿಲ್ಲ, ಹಾಗಾಗಿ ಎರಡಕ್ಕೂ ಈ ಸೋಮವಾರವೇ ಅರ್ಜಿ ಕೊಟ್ಟುಬಿಡಿ.