ಮೌಂಟನ್ ಹೌಸ್‌ನಲ್ಲಿ ಹಗಲು ಹೊತ್ತು ಯಾರಿರುತ್ತಾರೆ?

ನಿಮಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಅಪ್ಪ ಅಮ್ಮ ವರ್ಷ ಬಿಟ್ಟು ವರ್ಷ ಬಂದು ಹೋಗುತ್ತಾರೆ. ಗೆಳೆಯರೆಲ್ಲ ಮೌಂಟನ್ ಹೌಸ್‌ನಲ್ಲಿ ಮನೆ ಕೊಳ್ಳಿ ಅನ್ನುತ್ತಿದ್ದಾರೆ. ಅದು ಎಂಥ ಊರು, ಎಂಥ ಜನ ಎಂದು ಕೇಳಿದ್ದೀರಿ. ನಾನು ಅಲ್ಲೇ ಇರುವವನು. ಮನೆಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅವು ಹೊಸವು, ದೊಡ್ಡವು, ಚೆನ್ನಾಗಿಯೇ ಇವೆ. ಊರನ್ನು ತಿಳಿಯಬೇಕಾದರೆ ಹಗಲು ಹೊತ್ತು ಅಲ್ಲಿ ಯಾರಿರುತ್ತಾರೆ ಎಂದು ನೋಡಬೇಕು, ಏಕೆಂದರೆ ಸಾಲ ಕಟ್ಟುವವರು ಆ ಹೊತ್ತಿನಲ್ಲಿ ಬಹುಪಾಲು ಅಲ್ಲಿರುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಬೇ ಏರಿಯಾವನ್ನೂ ಕ್ಯಾಲಿಫೋರ್ನಿಯಾದ ಒಳನಾಡಿನ ಬಯಲನ್ನೂ ಬೇರೆ ಮಾಡುವುದು ಆಲ್ಟಮಾಂಟ್ ಗುಡ್ಡಸಾಲು. ಗುಡ್ಡದ ಪಶ್ಚಿಮಕ್ಕೆ ಲಿವರ್‌ಮೋರ್, ಪ್ಲೆಸಂಟನ್, ಡಬ್ಲಿನ್. ಪೂರ್ವಕ್ಕೆ ಇಳಿದ ತಕ್ಷಣ ಸಿಗುವ ಮೊದಲ ಊರು ಮೌಂಟನ್ ಹೌಸ್, ಅದರ ಪಕ್ಕ ಟ್ರೇಸಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಅಂದಾಜು 60 ಮೈಲಿ. ಹೆಸರಿನಲ್ಲಿ ಬೆಟ್ಟವಿದ್ದರೂ ಊರು ಇರುವುದು ಚಪ್ಪಟೆ ನೆಲದಲ್ಲಿ. 1849ರ ಹೊತ್ತಿಗೆ ಚಿನ್ನ ಹುಡುಕಿಕೊಂಡು ಗಣಿಗಳ ಕಡೆ ಹೊರಟವರು ಗುಡ್ಡ ದಾಟಿ ತಂಗುತ್ತಿದ್ದ ಜಾಗ ಇದು. ಅಲ್ಲಿದ್ದ ತಂಗುಮನೆಯ ಹೆಸರೇ ಊರಿಗೆ ಬಂದಿದೆ. ಈಗಲೂ ಜನ ಗುಡ್ಡ ದಾಟಿ ರಾತ್ರಿ ತಂಗುವುದಕ್ಕೇ ಇಲ್ಲಿಗೆ ಬರುತ್ತಾರೆ ಅಂತ ನಾವು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ.

ಇದು ತಾನಾಗಿ ಬೆಳೆದ ಊರಲ್ಲ. ಹೊಲವಿದ್ದ ಜಾಗಕ್ಕೆ ಸ್ಯಾನ್ ವಾಕೀನ್ ಕೌಂಟಿ 1990ರ ದಶಕದಲ್ಲಿ ಒಂದು ಇಡೀ ಊರಿನ ನಕ್ಷೆ ಒಪ್ಪಿತು: ಹನ್ನೆರಡು ಬಡಾವಣೆ, ಒಟ್ಟು ನಲವತ್ತು ಸಾವಿರಕ್ಕೂ ಮೀರಿದ ಜನ, ಬಡಾವಣೆಗಳ ನಡುವೆ ಶಾಲೆ, ಪಾರ್ಕು. ಮೊದಲ ಕುಟುಂಬಗಳು ಬಂದದ್ದು 2003ರಲ್ಲಿ. ಎಂಟನೇ ತರಗತಿವರೆಗಿನ ಶಾಲೆ ಮನೆಗೆ ಹತ್ತಿರವೇ ಇರುವುದರಿಂದ ಮಕ್ಕಳು ನಡೆದೋ ಸೈಕಲ್ಲಿನಲ್ಲೋ ಹೋಗುತ್ತಾರೆ. ಅಮೆರಿಕದಲ್ಲಿ ಇದು ಸಣ್ಣ ಸುಖವಲ್ಲ. ನಕ್ಷೆಯಲ್ಲಿ ಕಚೇರಿಗಳಿಗೂ ಉದ್ಯಮಗಳಿಗೂ ಜಾಗ ಬಿಟ್ಟಿದ್ದರು. ಮನೆಗಳು ಬಂದವು, ಕೆಲಸ ಮಾತ್ರ ಅದೇ ಲೆಕ್ಕದಲ್ಲಿ ಬರಲಿಲ್ಲ. ದೊಡ್ಡ ದಿನಸಿ ಅಂಗಡಿ ಕೂಡ ಎಷ್ಟೋ ವರ್ಷ ಇರಲಿಲ್ಲ. ಹಾಲು ಮುಗಿದರೂ ಟ್ರೇಸಿಗೆ ಕಾರು ತೆಗೆಯಬೇಕಿತ್ತು. ಈಗ ಸೇಫ್‌ವೇ ಇದೆ.

2008ರ ಕಥೆಯನ್ನು ಏಜೆಂಟ್ ನಿಮಗೆ ಹೇಳಲಾರರು, ಹಾಗಾಗಿ ನಾನೇ ಹೇಳುತ್ತೇನೆ. ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಊರಿನ ಬಗ್ಗೆ ದೊಡ್ಡ ವರದಿ ಬರೆಯಿತು. ಮನೆಯ ಬೆಲೆಗಿಂತ ಮನೆ ಸಾಲವೇ ಹೆಚ್ಚಾಗಿರುವ ಮಾಲೀಕರ ಪ್ರಮಾಣದಲ್ಲಿ ಇಡೀ ದೇಶಕ್ಕೆ ಮೌಂಟನ್ ಹೌಸ್ ಮೊದಲು ಬಂದಿತ್ತು. ಹತ್ತಿರ ಹತ್ತಿರ ಶೇ 90 ಮನೆಗಳ ಸ್ಥಿತಿ ಅದು. ಸರಾಸರಿ ಕೊರತೆ 1,22,000 ಡಾಲರ್. ಬೆಲೆ ತುದಿ ಮುಟ್ಟಿದ ಎರಡು ಮೂರು ವರ್ಷಗಳಲ್ಲೇ ಊರಿನ ಹೆಚ್ಚಿನ ಮನೆಗಳು ಮಾರಾಟವಾಗಿದ್ದವು. ಹೊಸ ಊರಾದ್ದರಿಂದ ಹಳೆಯ ಬೆಲೆಗೆ ಕೊಂಡು ನೆಮ್ಮದಿಯಾಗಿ ಕೂತವರು ಹೆಚ್ಚಿರಲಿಲ್ಲ. ಏಟು ಎಲ್ಲರಿಗೂ ಒಟ್ಟಿಗೇ ಬಿತ್ತು.

ಕೆಲವರು ಬೀಗದ ಕೈಯನ್ನು ಬ್ಯಾಂಕಿಗೆ ಕೊಟ್ಟು ಹೋದರು, ಕೆಲವರು ಹಲ್ಲು ಕಚ್ಚಿ ಉಳಿದರು. ಉಳಿದವರಲ್ಲಿ ಕೆಲವರು ಈಗಲೂ ಸಿಗುತ್ತಾರೆ: ಪೊಲೀಸರು, ನರ್ಸುಗಳು, ಎಲೆಕ್ಟ್ರಿಷಿಯನ್‌ಗಳು, ಫಿಲಿಪಿನೋ ಕುಟುಂಬಗಳು, ಮೆಕ್ಸಿಕೊ ಮೂಲದವರು. ಮಾತಿಗೆ ಕೂತರೆ ಊರಿನ ನಿಜವಾದ ಇತಿಹಾಸ ಇವರ ಬಾಯಲ್ಲೇ ಇದೆ. ಬೆಲೆ ಬಿದ್ದ ಮೇಲೆ ಬಂದವರಲ್ಲಿ ನಮ್ಮ ದೇಶದವರು ಹೆಚ್ಚು. ಗುಡ್ಡದಾಚೆಯ ಫ್ರೀಮಾಂಟಿನಲ್ಲೋ ಸನಿವೇಲ್‌ನಲ್ಲೋ ಎರಡು ಕೋಣೆಯ ಅಪಾರ್ಟ್‌ಮೆಂಟಿನ ಬಾಡಿಗೆಗೆ ಇಲ್ಲಿ ನಾಲ್ಕು ಕೋಣೆಯ ಮನೆಯ ಕಂತು ಕಟ್ಟಬಹುದಿತ್ತು. ಒಬ್ಬರು ಬಂದರೆ ಅವರ ಆಫೀಸಿನ ಇನ್ನು ನಾಲ್ವರು ಬಂದರು. 2014ರಲ್ಲಿ ಹೈಸ್ಕೂಲು ತೆರೆದ ಮೇಲೆ ಮಕ್ಕಳು ದೊಡ್ಡವರಾದರೆ ಎಲ್ಲಿಗೆ ಎಂಬ ಚಿಂತೆಯೂ ಹೋಯಿತು. ತೆಲುಗರು ಮುಂದೆ, ಪಂಜಾಬಿಗಳು, ತಮಿಳರು, ಗುಜರಾತಿಗಳು, ಆಮೇಲೆ ನಾವು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಬೆಲೆ ಮತ್ತೆ ಏರಿ, ಒಳ್ಳೆಯ ಮನೆಗಳು ಹತ್ತು ಲಕ್ಷ ಡಾಲರ್ ದಾಟಿದವು. ಆಗ ಕೊಂಡವರಲ್ಲಿ ಹಲವರಿಗೆ ಆಫೀಸು ಮತ್ತೆ ಕರೆಯುತ್ತದೆ ಎಂಬ ಅಂದಾಜೇ ಇರಲಿಲ್ಲ.

ಇನ್ನು ರಸ್ತೆ. ಇಂಟರ್‌ಸ್ಟೇಟ್ ಹೆದ್ದಾರಿ 205 ಹಿಡಿದು 580ಕ್ಕೆ ಸೇರಿ, ಆಲ್ಟಮಾಂಟ್ ಏರಿ ಇಳಿದು, ಪ್ಲೆಸಂಟನ್ ಹತ್ತಿರ 680ಕ್ಕೆ ತಿರುಗಿ, ಸುನೋಲ್ ಏರು ದಾಟಿದರೆ ಫ್ರೀಮಾಂಟ್. ಅಲ್ಲಿಂದ ನಿಮ್ಮ ಸಾಂತಾ ಕ್ಲಾರಾ. ರಸ್ತೆ ಖಾಲಿ ಇದ್ದರೆ ಒಂದು ಗಂಟೆಯೊಳಗೆ ಮುಟ್ಟಬಹುದು. ಖಾಲಿ ಇರುವುದು ಯಾವಾಗ ಅನ್ನುವುದೇ ಪ್ರಶ್ನೆ. ಬೆಳಗಿನ ಜಾವ ಐದಕ್ಕೆ ಮುಂಚೆ ಹೊರಟವರು ಬಚಾವ್. ಆರೂವರೆಗೆ ಹೊರಟರೆ ಎರಡು ಗಂಟೆ ಇಟ್ಟುಕೊಳ್ಳಿ. ಗುಡ್ಡದ ಮೇಲೆ ಕಾರುಗಳು ಮಾತ್ರ ಇರುವುದಿಲ್ಲ. ಟ್ರೇಸಿ ಸುತ್ತಮುತ್ತ ಅಮೆಜಾನ್ ಸೇರಿ ದೊಡ್ಡ ದೊಡ್ಡ ಗೋದಾಮುಗಳಿವೆ, ಆಚೆ ಕಡೆ ಓಕ್‌ಲ್ಯಾಂಡ್ ಬಂದರು ಇದೆ. ಅವೆರಡರ ನಡುವೆ ಓಡಾಡುವ ಲಾರಿಗಳು ಏರಿನಲ್ಲಿ ತೆವಳುತ್ತವೆ. ಒಂದು ಲಾರಿ ಕೆಟ್ಟು ನಿಂತರೆ ಆ ದಿನದ ಮೊದಲ ಮೀಟಿಂಗು ಹೋಯಿತು. ತಿಳಿದವರು ಆಲ್ಟಮಾಂಟ್ ಪಾಸ್ ರೋಡು, ಪ್ಯಾಟರ್‌ಸನ್ ಪಾಸ್ ರೋಡು ಎಂದು ಒಳದಾರಿ ಹಿಡಿಯುತ್ತಾರೆ. ಆದರೆ ಫೋನಿನ ನಕ್ಷೆ ಎಲ್ಲರಿಗೂ ಅದೇ ಒಳದಾರಿಯನ್ನು ತೋರಿಸುವುದರಿಂದ ಈಗ ಅದರಲ್ಲೂ ಗುಟ್ಟು ಉಳಿದಿಲ್ಲ.

ಎಲೆಕ್ಟ್ರಿಕ್ ಕಾರು ಕೊಂಡು ರಾಜ್ಯ ಕೊಡುವ ಸ್ಟಿಕ್ಕರ್ ಅಂಟಿಸಿದರೆ, ಒಬ್ಬರಿಗಿಂತ ಹೆಚ್ಚು ಜನರಿರುವ ಕಾರುಗಳಿಗೆ ಮೀಸಲಾದ ಕಾರ್‌ಪೂಲ್ ಲೇನಿನಲ್ಲಿ ಒಬ್ಬರೇ ಹೋಗಬಹುದು ಎಂದು ಯಾರಾದರೂ ಹೇಳಿದ್ದರೆ ಅದು ಹಳೆಯ ಮಾತು. ಆ ಸ್ಟಿಕ್ಕರಿನ ಸೌಲಭ್ಯ 2025ರ ಸೆಪ್ಟೆಂಬರ್ ಕೊನೆಗೆ ನಿಂತಿದೆ. ನಮ್ಮ ಬೀದಿಯಲ್ಲಿ ನಿಂತಿರುವ ಟೆಸ್ಲಾಗಳಲ್ಲಿ ಅರ್ಧಕ್ಕರ್ಧ ಆ ಸ್ಟಿಕ್ಕರಿಗಾಗಿಯೇ ಕೊಂಡವು ಅನ್ನುವುದು ನನ್ನ ಬಲವಾದ ಗುಮಾನಿ.

ನಿಮಗೆ ಇನ್ನೊಂದು ದಾರಿ ಇದೆ, ಅದು ಎಲ್ಲರಿಗೂ ಒದಗುವುದಿಲ್ಲ. 1998ರಲ್ಲಿ ಶುರುವಾದ ಏಸ್ ರೈಲು ಸ್ಟಾಕ್ಟನ್‌ನಿಂದ ಸ್ಯಾನ್ ಹೋಸೆಗೆ ಹೋಗುತ್ತದೆ, ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕಾ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಮೌಂಟನ್ ಹೌಸ್‌ನಲ್ಲಿ ನಿಲ್ದಾಣವಿಲ್ಲ, ಟ್ರೇಸಿಗೆ ಹೋಗಿ ಹತ್ತಬೇಕು. ಬೆಳಗ್ಗೆ ಬೆರಳೆಣಿಕೆಯ ಗಾಡಿಗಳು ಆ ಕಡೆಗೆ, ಸಂಜೆ ಅಷ್ಟೇ ಈ ಕಡೆಗೆ. ಸಂಜೆಯ ಕೊನೆಯದು ತಪ್ಪಿತೋ, ಯಾರದಾದರೂ ಕಾರು ಹುಡುಕಬೇಕು. ಮಂಡ್ಯದಿಂದ ಪಾಸು ಮಾಡಿಸಿಕೊಂಡು ಬೆಂಗಳೂರಿಗೆ ಬರುವವರ ಬೋಗಿ ನೋಡಿದ್ದರೆ ಏಸ್ ನಿಮಗೆ ಹೊಸದೆನಿಸದು: ಅದೇ ಸೀಟು, ಅದೇ ಗುಂಪು, ಯಾರ ಮಗಳಿಗೆ ಯಾವ ಕಾಲೇಜು ಸಿಕ್ಕಿತು ಎಂಬುದು ಇಡೀ ಬೋಗಿಗೆ ಗೊತ್ತು. ಬೆಳಗಿನ ಗಾಡಿಯಲ್ಲಿ ಮಾತ್ರ ಯಾರೂ ಮಾತಾಡುವುದಿಲ್ಲ, ಎಲ್ಲರೂ ನಿದ್ದೆ. ಡಬ್ಲಿನ್‌ನಿಂದ ಗುಡ್ಡ ದಾಟಿಸಿ ಮೌಂಟನ್ ಹೌಸ್‌ಗೆ ವ್ಯಾಲಿ ಲಿಂಕ್ ಎಂಬ ರೈಲು ತರುವ ಯೋಜನೆಯೂ ಇದೆ. ಅದನ್ನು ನಂಬಿ ಮನೆ ಕೊಳ್ಳಬೇಡಿ, ಬಂದಾಗ ಹತ್ತಿದರಾಯಿತು.

ಹೀಗೆ ದುಡಿಯುವವರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಊರಿನಲ್ಲಿ ಹಗಲೆಲ್ಲ ಇರುವವರು ಮಕ್ಕಳು, ಮನೆಯಿಂದ ಕೆಲಸ ಮಾಡುವವರು, ಎಳೆಗೂಸಿನ ತಾಯಂದಿರು, ಎಲ್ಲರಿಗಿಂತ ಹೆಚ್ಚಾಗಿ ಅಜ್ಜ ಅಜ್ಜಿಯರು. ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಪಾರ್ಕಿಗೆ ಹೋಗಿ ನೋಡಿ. ಒಂದು ಬೆಂಚಿನಲ್ಲಿ ಪೇಟ ಸುತ್ತಿದ ಸರ್ದಾರ್ಜಿಗಳು, ಇನ್ನೊಂದರಲ್ಲಿ ಗುಂಟೂರಿನ ಕಡೆಯವರು, ಅಲ್ಲೇ ಪಕ್ಕದಲ್ಲಿ ದಾವಣಗೆರೆಯ ನಿವೃತ್ತ ಮೇಷ್ಟ್ರು. ಸಂದರ್ಶಕರ ವೀಸಾದ ಮೇಲೆ ಆರು ತಿಂಗಳು ಬಂದವರು, ಗ್ರೀನ್ ಕಾರ್ಡ್ ಸಿಕ್ಕಿ ಇಲ್ಲೇ ನಿಂತವರು. ಮೊಮ್ಮಗನನ್ನು ಶಾಲೆಯಿಂದ ಕರೆತರುವುದು, ತಿಂಡಿ ಕೊಡುವುದು, ಹೋಮ್‌ವರ್ಕಿಗೆ ಕೂರಿಸುವುದು, ಮಗ ಸೊಸೆ ಬರುವಷ್ಟರಲ್ಲಿ ಕುಕ್ಕರ್ ಇಡುವುದು, ಎಲ್ಲ ಇವರ ಪಾಲಿನದು. ಅವರಿಲ್ಲದೆ ಹೋದರೆ ಎಷ್ಟೋ ಮನೆಗಳಲ್ಲಿ ಗುಡ್ಡ ದಾಟುವ ಈ ಓಟ ಎರಡು ವಾರವೂ ನಡೆಯದು. ಊರಿನ ಲೆಕ್ಕಪತ್ರದಲ್ಲಿ ಇವರು ಎಲ್ಲೂ ಇಲ್ಲ.

ಅವರಿಗೆ ಇಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಪಾರ್ಕು, ಸಮನಾದ ಕಾಲುದಾರಿ, ನಮ್ಮ ಭಾಷೆ ಆಡುವ ನಾಲ್ಕು ಜನ ಇದ್ದಾರೆ. ಅಷ್ಟು ಭಾಗ್ಯ ಅಮೆರಿಕದ ಬಹಳಷ್ಟು ಊರುಗಳಲ್ಲಿ ಸಿಗುವುದಿಲ್ಲ. ಆದರೆ ಕಾರು ಓಡಿಸಲು ಬಾರದವರಿಗೆ ಊರಿನ ಗಡಿಯೇ ಲೋಕದ ಗಡಿ. ಲಿವರ್‌ಮೋರಿನ ಶಿವ ವಿಷ್ಣು ದೇವಸ್ಥಾನಕ್ಕೆ ಹೋಗಬೇಕಾದರೆ ಅದೇ ಗುಡ್ಡ ದಾಟಬೇಕು, ಅದಕ್ಕೆ ಶನಿವಾರ ಬರಬೇಕು, ಶನಿವಾರ ಮಗನಿಗೆ ಎದ್ದು ಕಾರು ತೆಗೆಯುವ ಉಮೇದು ಇರಬೇಕು. ಐದು ದಿನ ಗುಡ್ಡ ದಾಟಿದವನಿಗೆ ಆರನೇ ದಿನ ಅದನ್ನು ಮತ್ತೆ ನೋಡುವ ಆಸೆ ಇರುವುದಿಲ್ಲ. ಮನೆ ಮನೆಗಳಲ್ಲಿ ಕಂಡ ಚಿಕ್ಕ ಜಗಳಗಳಲ್ಲಿ ಹೆಚ್ಚಿನವು ಇದರ ಸುತ್ತಲೇ.

ಗಾಳಿಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಒಳನಾಡು ಕಾಯ್ದು ಕೆಲವು ದಿನ ಮಧ್ಯಾಹ್ನ ತಾಪ 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸಂಜೆಗೆ ಸಮುದ್ರದ ಕಡೆಯ ತಣ್ಣನೆಯ ಗಾಳಿ ಗುಡ್ಡದ ಸಂದಿನಿಂದ ನುಗ್ಗುತ್ತದೆ. 1980ರ ದಶಕದಲ್ಲಿ ಅಲ್ಲಿ ಸಾವಿರಾರು ಗಾಳಿಯಂತ್ರ ನೆಟ್ಟದ್ದು ಸುಮ್ಮನೆ ಅಲ್ಲ. ಹದ್ದುಗಳು ಯಂತ್ರದ ರೆಕ್ಕೆಗೆ ಸಿಕ್ಕಿ ಸಾಯುತ್ತವೆಂದು ದೊಡ್ಡ ತಕರಾರಾಗಿ, ಈಗ ಹಳೆಯ ಚಿಕ್ಕ ಯಂತ್ರಗಳ ಬದಲು ಕೆಲವೇ ದೊಡ್ಡವನ್ನು ನಿಲ್ಲಿಸುತ್ತಿದ್ದಾರೆ. ಗಾಳಿ ಅಷ್ಟು ಜೋರು, ಮನೆಯ ಬೇಲಿಗೆ ಗಟ್ಟಿ ಕಂಬ ಹಾಕಿಸಿ. ಚಳಿಗಾಲದಲ್ಲಿ ನೆಲಕ್ಕಂಟಿದ ಮಂಜು ಬಿದ್ದ ದಿನ ಎದುರಿನ ಕಾರೂ ಕಾಣುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಮಾತ್ರ ಗುಡ್ಡಗಳು ಹಸಿರಾಗಿ ಮಲೆನಾಡಿನ ಭ್ರಮೆ ಹುಟ್ಟಿಸುತ್ತವೆ.

ನೀರಿನದೂ ಒಂದು ವಿಚಿತ್ರ. ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ ನೀರೆತ್ತಿ ಕಳಿಸುವ ಮಹಾ ಪಂಪುಗಳು ನಮ್ಮ ಊರಿನ ನೆರೆಯಲ್ಲೇ ಇವೆ. ಆದರೂ 2015ರ ಬರದಲ್ಲಿ, ಊರಿಗೆ ನೀರು ಕೊಡುತ್ತಿದ್ದ ಬೈರನ್ ಬೆಥನಿ ಎಂಬ ನೀರಾವರಿ ಸಂಸ್ಥೆಗಿದ್ದ, ನೀರೆತ್ತುವ ನೂರು ವರ್ಷ ಹಳೆಯ ಹಕ್ಕಿಗೇ ರಾಜ್ಯ ಕತ್ತರಿ ಹಾಕಿದಾಗ, ಬೇರೆ ಮೂಲವಿಲ್ಲದೆ ಸುಮಾರು ಹದಿನೈದು ಸಾವಿರ ಜನರ ನಲ್ಲಿ ಒಣಗುವ ಪರಿಸ್ಥಿತಿ ಬಂತು. ಬೇರೆಯವರಿಂದ ನೀರು ಕೊಂಡು ಪಾರಾದರು.

ಇಷ್ಟೆಲ್ಲ ಆದಮೇಲೂ ಇದು ಕಾನೂನಿನ ಲೆಕ್ಕದಲ್ಲಿ ನಗರವಾಗಿರಲಿಲ್ಲ. 2024ರ ಮಾರ್ಚಿನಲ್ಲಿ ಜನ ಭಾರಿ ಬಹುಮತದಿಂದ ಒಪ್ಪಿದರು, ಜುಲೈ 1ರಂದು ಮೌಂಟನ್ ಹೌಸ್ ಕ್ಯಾಲಿಫೋರ್ನಿಯಾದ 483ನೇ ನಗರವಾಯಿತು. ಅದಕ್ಕೂ ಹಿಂದಿನ ಹೊಸ ನಗರ ಹುಟ್ಟಿದ್ದು 2011ರಲ್ಲಿ, ದಕ್ಷಿಣದ ಹುರುಪಾ ವ್ಯಾಲಿ. ಈಗ ಸಭೆಗಳಲ್ಲಿ ನಮ್ಮವರೂ ಎದ್ದು ನಿಂತು ಲಾರಿ, ಕಸ, ಪಾರ್ಕಿನ ದೀಪ, ಕ್ರಿಕೆಟ್ ಪಿಚ್ ಎಂದು ಕೇಳುತ್ತಿದ್ದಾರೆ. ನನಗಂತೂ ಇದು ಊರಿನಲ್ಲಿ ಆಗಿರುವ ಅತ್ಯಂತ ಒಳ್ಳೆಯ ಬೆಳವಣಿಗೆ. ಭಾರತದವರು ಈ ಜಿಲ್ಲೆಗೆ ನಿನ್ನೆ ಬಂದವರೂ ಅಲ್ಲ. ಇದೇ ಕೌಂಟಿಯ ಸ್ಟಾಕ್ಟನ್‌ನಲ್ಲಿ 1912ರಲ್ಲೇ ಅಮೆರಿಕದ ಮೊದಲ ಗುರುದ್ವಾರ ಎದ್ದಿತು, ಬ್ರಿಟಿಷರ ವಿರುದ್ಧ ಹುಟ್ಟಿದ ಗದರ್ ಚಳವಳಿಯವರಿಗೆ ನೆಲೆಯಾಯಿತು. ಅವರು ಬಂದದ್ದು ಹೊಲದ ಕೆಲಸಕ್ಕೆ.

ಈಗ ನಿಮ್ಮ ವಿಷಯ. ಮೂರು ದಿನದ ಆಫೀಸು, ಗ್ರೇಟ್ ಅಮೆರಿಕಾ ಸ್ಟೇಷನ್ನಿಗೆ ಹತ್ತಿರದ ಕಟ್ಟಡವಾದರೆ ನಾನು ಕೊಳ್ಳಿ ಅನ್ನುತ್ತೇನೆ. ಮೂರು ನಾಳೆ ಐದಾಗಬಹುದು, ಅದಕ್ಕೂ ಮನಸ್ಸು ಸಿದ್ಧವಿರಲಿ. ಗಂಡ ಹೆಂಡತಿ ಇಬ್ಬರೂ ಗುಡ್ಡ ದಾಟುವವರಾದರೆ ಬೇಡ. ಮಗುವಿಗೆ ಜ್ವರ ಬಂದು ಶಾಲೆಯಿಂದ ಫೋನು ಬಂದಾಗ ಇಬ್ಬರೂ ಆ ಕಡೆಯೇ ಇರುತ್ತೀರಿ. ಮನೆ ನೋಡುವಾಗ ಬೆಲೆ ಮಾತ್ರ ಕೇಳಬೇಡಿ, ಕಳೆದ ವರ್ಷದ ಆಸ್ತಿ ತೆರಿಗೆ ಬಿಲ್ಲನ್ನೇ ತರಿಸಿ. ರಾಜ್ಯದ ಮೂಲ ಶೇ 1ರ ಮೇಲೆ ರಸ್ತೆ, ಪಾರ್ಕು, ಶಾಲೆ ಎಂದು ವಿಶೇಷ ತೆರಿಗೆಗಳು ಸೇರುತ್ತವೆ, ಬಡಾವಣೆಯಿಂದ ಬಡಾವಣೆಗೆ ಮೊತ್ತ ಬೇರೆ. ಏಜೆಂಟರು ಭಾನುವಾರ ಕರೆಯುತ್ತಾರೆ, ಭಾನುವಾರ ಎಲ್ಲ ಊರೂ ಹತ್ತಿರವೇ. ನೀವು ಗುರುವಾರ ಸಂಜೆ ಐದಕ್ಕೆ ಸಾಂತಾ ಕ್ಲಾರಾದಿಂದ ಹೊರಟು ಬನ್ನಿ. ಅಪ್ಪ ಅಮ್ಮ ಈಗ ನಿಮ್ಮ ಜೊತೆಗಿದ್ದರೆ ಅಂದು ಮಧ್ಯಾಹ್ನವೇ ಅವರನ್ನು ಇಲ್ಲಿನ ಯಾವುದಾದರೂ ಪಾರ್ಕಿನಲ್ಲಿ ಬಿಟ್ಟು, ರಾತ್ರಿ ಊಟಕ್ಕೆ ಕೂತಾಗ ಅವರನ್ನೂ ಕೇಳಿ.